ಸಮುದ್ರದಂಡೆಯ ಉಸುಕು



ಕುಲಗೋಡದ ನಮ್ಮ ಹುಡುಗಿಯರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ವಿರಳ. ನಾವು ಭೂಗೋಳದ ಪಾಠದಲ್ಲಿ ದಂಡೆಯ ಸಂಗತಿಯನ್ನು ಹೇಳುತ್ತಿರುವಾಗ, “ಸಮುದ್ರವು ಉಸುಕನ್ನು ಒಯ್ಯುವದಾದರೆ ದಂಡೆಯು ಇಷ್ಟು ಕಾಲ ಉಳಿದದ್ದು ಹೇಗೆ?” ಎಂದು ಒಬ್ಬಳು ಕೇಳಿದಳು. ಪ್ರಶ್ನೆಯು ಯೋಗ್ಯವಾದದ್ದು. ನಿಮ್ಮಲ್ಲಿ ಕೆಲವರು ಮದುವೆಯಾಗಿ ಕರಾವಳಿಯಲ್ಲಿ ಮನೆ ಮಾಡಿರುವದರಿಂದ ಅದರ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ದಂಡೆಯು ಸ್ಥಿರವಾದ ನೆಲವಲ್ಲ. ಅದು ಹಗೇವಿನಂತೆ ಕೂಡಿಡುವ ಮತ್ತು ತೆಗೆಯುವ ಸ್ಥಳವು. ಜೂನ್ ತಿಂಗಳಿನಿಂದ ಸಪ್ಟೆಂಬರದ ವರೆಗೆ ನೈಋತ್ಯ ಮಾರುತದಿಂದ ಅರಬ್ಬೀ ಸಮುದ್ರದಲ್ಲಿ 3 ಮೀಟರಿಗೂ ಮಿಕ್ಕಿದ ತೆರೆಗಳು ಏಳುವವು. ಅವು ಒಂದರ ಬೆನ್ನಿಗೊಂದು ಬಡಿಯಲು, ಮೇಲೇರಿದ ನೀರು ಹಿಂದಿರುಗುವಾಗ ಉಸುಕನ್ನು ಸೆಳೆದೊಯ್ಯುವದು. ಆದರೆ ಆ ಉಸುಕು ಬಹು ದೂರ ಹೋಗದೆ ನೀರೊಳಗೆ ಉದ್ದನೆಯ ದಿಬ್ಬವಾಗಿ ಕೂಡುವದು. ಮುಂದೆ ಬರುವ ತೆರೆಗಳು ಆ ದಿಬ್ಬದ ಮೇಲೆಯೇ ಒಡೆದು ಬಲಗುಂದುವವು. ಹೀಗೆ ದಂಡೆಯು ತನ್ನ ಉಸುಕನ್ನೇ ಮುಂದಿಟ್ಟು ತನ್ನನ್ನು ಕಾಯ್ದುಕೊಳ್ಳುವದು. ಮಳೆಗಾಲವು ಮುಗಿದ ಮೇಲೆ ಶಾಂತವಾದ ತೆರೆಗಳು ಅದೇ ಉಸುಕನ್ನು ಮೆಲ್ಲಮೆಲ್ಲನೆ ದಡಕ್ಕೆ ತಂದು ಹಾಕುವವು.

ಚಂಡಮಾರುತದ ರೀತಿಯೇ ಬೇರೆ. ಅದು ಸಮುದ್ರದ ಮಟ್ಟವನ್ನೇ ಏರಿಸುವದರಿಂದ ತೆರೆಗಳು ಎಂದೂ ಮುಟ್ಟದ ಎತ್ತರವನ್ನು ಮುಟ್ಟುವವು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಎಂಬ ಚಂಡಮಾರುತವು ನಮ್ಮ ಕರಾವಳಿಯ ಎದುರಿನಿಂದ ಗುಜರಾತದತ್ತ ಸಾಗಿತು. ಇಲ್ಲಿ ನೆಲವನ್ನು ಮುಟ್ಟದಿದ್ದರೂ ತೀರದ ಮನೆಗಳಿಗೂ ರಸ್ತೆಗಳಿಗೂ ಹಾನಿಯಾಯಿತು.

ಉಸುಕಿಗೆ ಇನ್ನೊಂದು ಸಂಚಾರವುಂಟು. ಓರೆಯಾಗಿ ಬಂದ ತೆರೆಯು ದಂಡೆಯನ್ನು ಓರೆಯಾಗಿ ಏರಿ ನೆಟ್ಟಗೆ ಇಳಿಯುವದು. ಹೀಗೆ ಪ್ರತಿ ಸಾರಿಯೂ ಉಸುಕಿನ ಕಣವು ತುಸು ಪಕ್ಕಕ್ಕೆ ಸರಿಯುವದು. ದಂಡೆಯುದ್ದಕ್ಕೂ ಒಂದು ಪ್ರವಾಹವೇ ಹರಿಯುವದು. ಇದಕ್ಕೆ ಕಲ್ಲಿನ ಒಡ್ಡನ್ನು ಅಡ್ಡ ಹಾಕಿದರೆ ಒಂದು ಕಡೆ ಉಸುಕು ಕೂಡಿ, ಇನ್ನೊಂದು ಕಡೆ ದಂಡೆಯು ಬಡವಾಗುವದು. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಸಮುದ್ರವನ್ನು ಸೇರುವ ಅಳಿವೆಯಲ್ಲಿ 1990ರ ದಶಕದಲ್ಲಿ ಎರಡು ಒಡ್ಡುಗಳನ್ನು ಕಟ್ಟಿದರು. ಬಳಿಕ ಉತ್ತರದ ಬೆಂಗ್ರೆಯಲ್ಲಿ ಉಸುಕು ಬೆಳೆಯಿತು. ದಕ್ಷಿಣದ ಉಳ್ಳಾಲದಲ್ಲಿ ಕೊರೆತವು ಹೆಚ್ಚಿ ತೆಂಗಿನ ಮರಗಳೂ ಮನೆಗಳೂ ಸಮುದ್ರದ ಪಾಲಾದವು. ತೀರಕ್ಕೆ ಕಲ್ಲು ಸುರಿದದ್ದು ಸಾಲದೆ, ಏಶಿಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ನೀರೊಳಗೆ ಉಸುಕು ತುಂಬಿದ ಚೀಲಗಳ ದಿಬ್ಬಗಳನ್ನು ಕಟ್ಟಬೇಕಾಯಿತು. ಸಮುದ್ರವು ಮಳೆಗಾಲದಲ್ಲಿ ತಾನೇ ಕಟ್ಟುವ ದಿಬ್ಬವನ್ನು ಮನುಷ್ಯನು ಬಹಳ ಹಣ ವೆಚ್ಚ ಮಾಡಿ ಕಟ್ಟಿದಂತಾಯಿತು.

ಈ ಉಸುಕಿನ ಬಹುಭಾಗವು ಹೊಳೆಗಳು ತಂದದ್ದು. ನಮ್ಮ ಘಟಪ್ರಭೆಯ ನೀರು ಕೃಷ್ಣೆಯನ್ನು ಕೂಡಿ ಪೂರ್ವ ಸಮುದ್ರಕ್ಕೆ ಹೋಗುವದೆಂಬುದನ್ನು ನೀವೆಲ್ಲರೂ ಬಲ್ಲಿರಿ. ಅಣೆಕಟ್ಟಿನ ಹಿಂದೆ ನಿಂತ ಉಸುಕು ಆ ದಂಡೆಯನ್ನು ತಲುಪದು. ಮನೆ ಕಟ್ಟಲು ಹೊಳೆಯಿಂದ ಲಾರಿಗಟ್ಟಲೆ ಎತ್ತಿದ್ದೂ ತಲುಪದು. ಹಗೇವಿಗೆ ಕಾಳು ಹಾಕದೆ ತೆಗೆಯುತ್ತಲೇ ಇದ್ದರೆ ಏನಾಗುವದೆಂಬುದನ್ನು ಒಕ್ಕಲು ಮನೆತನದವರಿಗೆ ನಾವು ಹೇಳಬೇಕಾಗಿಲ್ಲ.

ಕರಾವಳಿಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಆಷಾಢದಲ್ಲಿ ದಂಡೆಯು ಕಿರಿದಾದದ್ದನ್ನು ಕಂಡ ಮಾತ್ರಕ್ಕೆ ಅಂಜಬೇಡಿರಿ. ಮಾಘದ ಹೊತ್ತಿಗೆ ಉಸುಕು ಮರಳಿ ಬಂದಿತೋ ಇಲ್ಲವೋ ನೋಡಿರಿ. ವರ್ಷ ವರ್ಷವೂ ಅದು ಕಡಿಮೆಯಾಗಿಯೇ ಬರುತ್ತಿದ್ದರೆ, ಆಗ ತೀರದಿಂದ ಹಿಂದೆ ಸರಿದು ಮನೆ ಕಟ್ಟುವದೇ ಜಾಣತನವು.