ಬೆರಳಿಗೇ ಏಕೆ ಏಟು?

ಪ್ರಶ್ನೆ: ಕತ್ತಿವರಸೆ ಕಲಿಯುವಾಗ ಏಟೆಲ್ಲ ಬೆರಳಿಗೇ ಬೀಳುತ್ತದೆ. ತಪ್ಪಿಸುವುದು ಹೇಗೆ?
– ಓದುಗರು, ಯಮಕನಮರಡಿ

ಉತ್ತರ: ಎದುರಾಳಿಗೆ ಎಲ್ಲಕ್ಕಿಂತ ಹತ್ತಿರ ಸಿಗುವುದು ನಿಮ್ಮ ಕೈಯೇ ಅಲ್ಲವೆ? ನಿಮ್ಮೂರಿನ ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ ಹೋದರೆ ಅಲ್ಲಿನ ಸಮರಕಲೆ ಮರ್ದಾನಿ ಖೇಳದಲ್ಲಿ ಬಳಸುವ ದಾಂಡಪಟ್ಟಾ ಎಂಬ ಕತ್ತಿ ನೋಡಿ. ಅದರ ಹಿಡಿಯೇ ಮೊಣಕೈ ಹತ್ತಿರದವರೆಗೆ ಮುಚ್ಚುವ ಲೋಹದ ಗವಸು. ಒಳಗಿನ ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಬೆರಳು ಭದ್ರ, ಆದರೆ ಮಣಿಕಟ್ಟು ತಿರುಗದು. ಹಾಗಾಗಿ ಭುಜ, ಸೊಂಟದ ಬಲದಲ್ಲೇ ಬೀಸಬೇಕು.

ಬರಿ ಕೋಲಿನಲ್ಲಿ ಕಲಿಯುವವರಿಗೆ ಆ ಭಾಗ್ಯ ಇಲ್ಲ. ಬೆರಳಿನ ಗಂಟುಗಳ ಮೇಲೆ ಮೆತ್ತೆಯಿರುವ ದಪ್ಪ ಗವಸು ಹಾಕಿ. ಫೆನ್ಸಿಂಗ್‌ನಲ್ಲಂತೂ ಗವಸು ಮುಂದೋಳಿನ ಅರ್ಧದಷ್ಟು ಮುಚ್ಚಲೇಬೇಕು. ಇಲ್ಲದಿದ್ದರೆ ಬ್ಲೇಡು ಅಂಗಿತೋಳಿನೊಳಗೆ ನುಗ್ಗುತ್ತದೆ. ಗವಸಿಗಿಂತ ಅಭ್ಯಾಸವೇ ಮುಖ್ಯ ಎಂಬುದು ನನ್ನ ಎಣಿಕೆ: ಮೊದಲು ಕತ್ತಿ ಮುಂದೆ ಹೋಗಲಿ, ಅದರ ಹಿಂದೆ ಕೈ, ಆಮೇಲೆ ಹೆಜ್ಜೆ. ಹೊಡೆದ ಕೈಯನ್ನು ಅಲ್ಲೇ ಬಿಡದೆ ತಕ್ಷಣ ಹಿಂದೆಳೆದುಕೊಳ್ಳಿ.