ಪೈಲ್ವಾನ್ ಗೊತ್ತು, ಗರಡಿ ಗೊತ್ತಾ?

2025ರ ಮೇ 24. ಮೊನಾಕೊದ ಕಿರಿದಾದ ಬೀದಿಗಳಲ್ಲಿ ನಡೆದ ಫಾರ್ಮುಲಾ 2 ಸ್ಪ್ರಿಂಟ್ ರೇಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಗೆದ್ದ. ಅಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯ ಅವನು. ಸುದ್ದಿ ಬಂತು, ತ್ರಿವರ್ಣ ಧ್ವಜದ ಫೋಟೊ ಬಂತು, ಶಾಸ್ತ್ರಕ್ಕೆ ಎರಡು ನಿಮಿಷ ಹೆಮ್ಮೆಪಟ್ಟೆವು, ಮುಂದಿನ ಸುದ್ದಿಗೆ ಹೋದೆವು. ಹುಡುಗ ಯಾರು ಅಂತ ಎಲ್ಲರೂ ಹೇಳಿದರು. ದೇಶಕ್ಕೆ ಮೊದಲ ಎಲೆಕ್ಟ್ರಿಕ್ ಕಾರುಗಳಲ್ಲೊಂದಾದ ರೇವಾ ಕೊಟ್ಟ ಮೈನಿ ಕುಟುಂಬದವನು ಅಂತಾನೂ ಹೇಳಿದರು. ಆದರೆ ಆ ಕಾರು ಯಾರದ್ದು? ಅದನ್ನು ಸಜ್ಜು ಮಾಡಿ ನಿಲ್ಲಿಸಿದವರು ಯಾರು? ಅದನ್ನು ಯಾರೂ ಹೇಳಲಿಲ್ಲ. ಪೈಲ್ವಾನನ ಹೆಸರು ಹೇಳಿ ಗರಡಿಯ ಹೆಸರು ಬಿಟ್ಟ ಹಾಗಾಯ್ತು.

ಆ ಗರಡಿಯ ಹೆಸರು ಡ್ಯಾಮ್ಸ್. ಫ್ರಾನ್ಸ್ ದೇಶದ್ದು. ಇರೋದು ಲೆ ಮಾನ್‌ನಲ್ಲಿ. ಹೌದು, 1923ರಿಂದ 24 ಗಂಟೆಗಳ ಕಾರ್ ರೇಸ್ ನಡೆಯುತ್ತಿರುವ ಅದೇ ಊರು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಫಾರ್ಮುಲಾ 1ರಲ್ಲಿ ಪ್ರತಿ ತಂಡ ತನ್ನ ಕಾರನ್ನು ತಾನೇ ವಿನ್ಯಾಸ ಮಾಡುತ್ತೆ. ಫಾರ್ಮುಲಾ 2ರಲ್ಲಿ ಹಾಗಿಲ್ಲ. ಎಲ್ಲರಿಗೂ ಇಟಲಿಯ ದಲ್ಲಾರಾ ಕಂಪನಿಯ ಒಂದೇ ಮಾದರಿಯ ಚಾಸಿ, ಮೆಕಾಕ್ರೋಮ್‌ನ ಒಂದೇ ಎಂಜಿನ್, ಪಿರೆಲಿಯ ಒಂದೇ ಟೈರು. ಹಾಗಾದರೆ ಒಂದು ತಂಡ ಗೆಲ್ಲೋದು, ಇನ್ನೊಂದು ಸೋಲೋದು ಯಾಕೆ? ಒಂದೇ ಅಂಗಡಿಯಿಂದ ಅಕ್ಕಿ, ಬೇಳೆ ತಂದರೂ ಎರಡು ಮನೆಯ ಬಿಸಿಬೇಳೆಭಾತ್ ಒಂದೇ ರುಚಿ ಇರುತ್ತಾ? ಅಷ್ಟೇ ವ್ಯತ್ಯಾಸ. ಸಸ್ಪೆನ್ಷನ್ ಎಷ್ಟು ಗಟ್ಟಿ ಇರಬೇಕು, ರೆಕ್ಕೆ ಎಷ್ಟು ವಾಲಬೇಕು, ಟೈರಿಗೆ ಎಷ್ಟು ಗಾಳಿ, ಆ ಟೈರನ್ನು ಸುಡದೆ ಕೊನೆಯ ಸುತ್ತಿನವರೆಗೆ ಉಳಿಸೋದು ಹೇಗೆ ಅಂತ ಹುಡುಗನಿಗೆ ಕಲಿಸೋದು. ಇದೇ ತಂಡದ ವಿದ್ಯೆ. ಇದು ಪುಸ್ತಕದಲ್ಲಿ ಸಿಗಲ್ಲ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಎಂಜಿನಿಯರ್, ಮೆಕ್ಯಾನಿಕ್‌ಗಳ ಕೈಯಲ್ಲಿರುತ್ತೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸ್ಪ್ರಿಂಟ್ ರೇಸ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಸ್ಥಾನಗಳನ್ನು ತಲೆಕೆಳಗು ಮಾಡ್ತಾರೆ. ಆ ನಿಯಮದಿಂದಲೇ ಕುಶ್‌ಗೆ ಮುಂದಿನ ಜಾಗ ಸಿಕ್ಕಿದ್ದು. ಹಾಗಂತ ಗೆಲುವು ಅಗ್ಗ ಅಲ್ಲ. ಎರಡೂ ಕಡೆ ತಡೆಗೋಡೆ ಇರುವ ಬೀದಿಯಲ್ಲಿ ಒಂದು ಗೇಣು ತಪ್ಪಿದರೂ ಕಥೆ ಮುಗೀತು. ಮೊದಲಿನಿಂದ ಕೊನೆವರೆಗೆ ಮುಂದೆಯೇ ಉಳಿಯೋದಕ್ಕೆ ಗಟ್ಟಿ ಗುಂಡಿಗೆ ಬೇಕು, ನಂಬಿಕಸ್ಥ ಕಾರೂ ಬೇಕು.

ಈಗ ಇತಿಹಾಸಕ್ಕೆ ಬನ್ನಿ. 1988. ಝಾನ್ ಪಾಲ್ ದ್ರಿಯೋ ಅನ್ನುವ ತಂಡ ನಡೆಸುವ ಮನುಷ್ಯ, ಫಾರ್ಮುಲಾ 1ರಲ್ಲಿ ಏಳು ರೇಸ್ ಗೆದ್ದಿದ್ದ ರೆನೆ ಆರ್ನೂ ಜೊತೆ ಸೇರಿ ಈ ತಂಡ ಕಟ್ಟಿದರು. ದ್ರಿಯೋ ಆರ್ನೂ ಮೋಟಾರ್ ಸ್ಪೋರ್ಟ್. ಮೊದಲ ಅಕ್ಷರಗಳನ್ನು ಸೇರಿಸಿದರೆ ಡ್ಯಾಮ್ಸ್. ಆಗ ಫಾರ್ಮುಲಾ 1ರ ಕೆಳಗಿನ ಮೆಟ್ಟಿಲಿಗೆ ಫಾರ್ಮುಲಾ 3000 ಅಂತ ಹೆಸರು. ಎರಡನೇ ವರ್ಷವೇ, ಅಂದರೆ 1989ರಲ್ಲಿ, ಇವರ ಹುಡುಗ ಎರಿಕ್ ಕೋಮಾಸ್ ಪಟ್ಟದ ಹತ್ತಿರ ಬಂದ. ಎಷ್ಟು ಹತ್ತಿರ? ಅವನಿಗೂ 39 ಅಂಕ, ಝಾನ್ ಅಲೇಸಿಗೂ 39 ಅಂಕ. ಅಲೇಸಿ ಒಂದು ರೇಸ್ ಹೆಚ್ಚು ಗೆದ್ದಿದ್ದ ಅಂತ ಪಟ್ಟ ಅವನ ಪಾಲಾಯ್ತು. ಕೋಮಾಸ್ ಮರುವರ್ಷ ಬಂದು ಗೆದ್ದೇ ಬಿಟ್ಟ. 1993ರಲ್ಲಿ ಒಲಿವಿಯೆ ಪಾನಿಸ್, 1994ರಲ್ಲಿ ಝಾನ್ ಕ್ರಿಸ್ತೋಫ್ ಬುಯೋನ್. ಐದು ವರ್ಷದಲ್ಲಿ ಮೂರು ಚಾಂಪಿಯನ್ನರು! ಮೂವರೂ ಫಾರ್ಮುಲಾ 1ಕ್ಕೆ ಹೋದರು. ಅವರಲ್ಲಿ ಪಾನಿಸ್, 1996ರ ಮೊನಾಕೊ ಮಳೆಯಲ್ಲಿ, 14ನೇ ಜಾಗದಿಂದ ಹೊರಟು ಲಿಜಿಯೆ ತಂಡಕ್ಕೆ ಗೆಲುವು ತಂದುಕೊಟ್ಟ. ಅದೇ ಮೊನಾಕೊ.

ಶಿಷ್ಯರನ್ನೆಲ್ಲ ಮೇಲೆ ಕಳಿಸಿದ ಗುರುವಿಗೂ ಒಂದು ಆಸೆ ಬಂತು. ನಾವೂ ಯಾಕೆ ಫಾರ್ಮುಲಾ 1ಕ್ಕೆ ಹೋಗಬಾರದು? ಬ್ರಿಟನ್ನಿನ ರೆನಾರ್ಡ್ ಕಂಪನಿ ಜೊತೆ ಸೇರಿ ಜಿಡಿ-01 ಅನ್ನೋ ಕಾರು ತಯಾರಾಯ್ತು. 1995ರಲ್ಲಿ ಟ್ರ್ಯಾಕ್ ಮೇಲೆ ಪರೀಕ್ಷೆಗೂ ಇಳಿಯಿತು. ಆದರೆ ಒಂದೇ ಒಂದು ರೇಸ್ ಓಡಲಿಲ್ಲ. ಕಾರಣ? ದುಡ್ಡು. ಕಾರು ಕಟ್ಟೋದು ಬೇರೆ, ವರ್ಷವಿಡೀ ಅದನ್ನು ಓಡಿಸೋ ಖರ್ಚು ಬೇರೆ. ದ್ರಿಯೋ ಮೊಂಡುತನ ಮಾಡಲಿಲ್ಲ, ಸಾಲದ ಹಗ್ಗಕ್ಕೆ ಕುತ್ತಿಗೆ ಕೊಡಲಿಲ್ಲ. ಆ ಕಾಲದಲ್ಲಿ ಹಠಕ್ಕೆ ಬಿದ್ದು ಫಾರ್ಮುಲಾ 1ಕ್ಕೆ ಹೋದ ಎಷ್ಟೋ ಸಣ್ಣ ತಂಡಗಳು ಇವತ್ತು ಇಲ್ಲ. ಡ್ಯಾಮ್ಸ್ ಇದೆ. ಬೇಡ ಅನ್ನೋದೂ ಒಂದು ಜಾಣತನ ಅಲ್ವಾ?

2005ರಲ್ಲಿ ಫಾರ್ಮುಲಾ 3000 ಜಾಗಕ್ಕೆ ಜಿಪಿ2 ಬಂತು. ಡ್ಯಾಮ್ಸ್ ಅಲ್ಲೂ ಇತ್ತು. ಇಲ್ಲಿಂದ ಎರಡು ಕಥೆ ಹೇಳ್ತೀನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ರೊಮೇನ್ ಗ್ರೊಜಾನ್‌ದು. 2009ರಲ್ಲಿ ಫಾರ್ಮುಲಾ 1ರಲ್ಲಿ ಏಳು ರೇಸ್ ಓಡಿಸಿದ, ರೆನೋ ತಂಡ ಕೈಬಿಟ್ಟಿತು. ಒಮ್ಮೆ ಮೇಲೆ ಹೋಗಿ ಕೆಳಗೆ ಬಿದ್ದವನನ್ನು ಈ ಜಗತ್ತು ಮತ್ತೆ ತಿರುಗಿ ನೋಡೋದು ಕಡಿಮೆ. ಡ್ಯಾಮ್ಸ್ ಕರೆದು ಕಾರು ಕೊಟ್ಟಿತು. 2011ರಲ್ಲಿ ಜಿಪಿ2 ಚಾಂಪಿಯನ್ ಆದ. 2012ರಲ್ಲಿ ಮತ್ತೆ ಫಾರ್ಮುಲಾ 1.

ಎರಡನೆಯದು ಅವನ ಜಾಗಕ್ಕೆ ಬಂದ ದಾವಿದೆ ವಲ್ಸೆಕ್ಕಿಯದು. 2012ರಲ್ಲಿ ಅದೇ ತಂಡ, ಅದೇ ಪಟ್ಟ. 2013ರಲ್ಲಿ ಲೋಟಸ್ ತಂಡಕ್ಕೆ ಮೀಸಲು ಚಾಲಕ. ಆ ವರ್ಷದ ಕೊನೆಯ ಎರಡು ರೇಸ್‌ಗೆ ಕಿಮಿ ರೈಕೊನೆನ್ ಬರಲಿಲ್ಲ. ಸೀಟು ಖಾಲಿ. ಮೀಸಲು ಚಾಲಕ ಅಂತ ಇಟ್ಟುಕೊಳ್ಳೋದೇ ಇಂಥ ದಿನಕ್ಕೆ ತಾನೆ? ಲೋಟಸ್ ಅನುಭವ ಬೇಕು ಅಂತ ಹೈಕಿ ಕೊವಲೈನೆನ್‌ನನ್ನು ಕರೆಸಿತು. ವಲ್ಸೆಕ್ಕಿ ಒಂದೇ ಒಂದು ಫಾರ್ಮುಲಾ 1 ರೇಸ್‌ನಲ್ಲೂ ಸ್ಪರ್ಧಿಸಲಿಲ್ಲ.

ಒಂದೇ ಗರಡಿ, ಒಂದೇ ಪಟ್ಟ, ಎರಡು ಹಣೆಬರಹ. ಗರಡಿ ನಿಮ್ಮನ್ನು ಬಾಗಿಲವರೆಗೆ ಕರೆದೊಯ್ಯುತ್ತೆ. ಬಾಗಿಲು ತೆರೆಯೋದು ಅದರ ಕೈಯಲ್ಲಿಲ್ಲ.

ಕೆವಿನ್ ಮ್ಯಾಗ್ನುಸೆನ್, ಕಾರ್ಲೋಸ್ ಸೈನ್ಜ್, ಜೋಲಿಯನ್ ಪಾಮರ್, ಅಲೆಕ್ಸ್ ಆಲ್ಬನ್... ಈ ಮನೆಯಿಂದ ಹೊರಟವರ ಪಟ್ಟಿ ಉದ್ದ ಇದೆ. ಮಧ್ಯೆ 2014ರಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ಶುರುವಾದಾಗ, ನಾಲ್ಕು ಬಾರಿಯ ವಿಶ್ವ ಚಾಂಪಿಯನ್ ಅಲೆನ್ ಪ್ರಾಸ್ಟ್ ಜೊತೆ ಸೇರಿ ದ್ರಿಯೋ ಅಲ್ಲಿಗೂ ಕಾಲಿಟ್ಟರು. ಮೊದಲ ಮೂರು ಸೀಸನ್‌ನ ತಂಡ ಪ್ರಶಸ್ತಿ ಸತತವಾಗಿ ಇವರದ್ದೇ.

2019ರ ಆಗಸ್ಟ್ 2ರಂದು ದ್ರಿಯೋ ತೀರಿಕೊಂಡರು. 68 ವರ್ಷ. ತಂಡ ಆಗ ಹಂಗೇರಿಯಲ್ಲಿತ್ತು. ಮನೆ ಯಜಮಾನ ಹೋದ ಮರುದಿನ ಏನು ಮಾಡ್ತಾರೆ? ಇವರು ರೇಸ್‌ಗೆ ಇಳಿದರು. ನಿಕೊಲಸ್ ಲತೀಫಿ ಗೆದ್ದ. ಆ ವರ್ಷದ ಕೊನೆಗೆ ಫಾರ್ಮುಲಾ 2ರ ತಂಡ ಪ್ರಶಸ್ತಿಯೂ ಡ್ಯಾಮ್ಸ್‌ಗೇ ಬಂತು. ಮಕ್ಕಳು ಸ್ವಲ್ಪ ಕಾಲ ನಡೆಸಿದರು. 2022ರಲ್ಲಿ ಫಾರ್ಮುಲಾ 1ರ ಮಾಜಿ ಚಾಲಕ ಶಾರ್ಲ್ ಪಿಕ್ ತಂಡವನ್ನು ಕೊಂಡುಕೊಂಡರು. ಸ್ವತಃ ಈ ಮೆಟ್ಟಿಲುಗಳನ್ನು ಹತ್ತಿದವರು. ಹೆಸರು ಮಾತ್ರ ಬದಲಾಗಲಿಲ್ಲ.

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಈ ಗರಡಿ ಪುಕ್ಕಟೆ ಅಲ್ಲ. ಫಾರ್ಮುಲಾ 2ರ ಒಂದು ಸೀಸನ್ ಅಂದರೆ ಸುಮಾರು 20 ಲಕ್ಷ ಯೂರೋ ಅಥವಾ ಅದಕ್ಕೂ ಮೇಲೆ. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿ ಆಸುಪಾಸು. ಇಲ್ಲಿ ತಂಡ ಚಾಲಕನಿಗೆ ಸಂಬಳ ಕೊಡೋದಲ್ಲ, ಸಾಮಾನ್ಯವಾಗಿ ಚಾಲಕನೇ ದುಡ್ಡು ತರಬೇಕು. ಅಪ್ಪನದ್ದೋ, ಪ್ರಾಯೋಜಕರದ್ದೋ, ಫಾರ್ಮುಲಾ 1 ತಂಡದ ಅಕಾಡೆಮಿಯದ್ದೋ. ಅದಕ್ಕೂ ಮೊದಲು ಕಾರ್ಟಿಂಗ್, ಫಾರ್ಮುಲಾ 4, ಫಾರ್ಮುಲಾ 3 ಅಂತ ಹತ್ತು ವರ್ಷದ ಖರ್ಚು ಬೇರೆ.

ಫ್ರಾನ್ಸ್ ಈ ಗೋಡೆಯನ್ನು ಪೂರ್ತಿ ಒಡೆದಿದೆ ಅಂತ ನಾನು ಹೇಳಲ್ಲ. ಆದರೆ ಅಲ್ಲಿ ಗರಡಿ ಇದೆ, ಟ್ರ್ಯಾಕ್ ಇದೆ, ಹಳೆಯ ಚಾಲಕ ತಂಡ ಕಟ್ಟುವ ಪದ್ಧತಿ ಇದೆ, ಕಂಪನಿಗಳು ಬೆನ್ನಿಗೆ ನಿಲ್ಲುವ ರೂಢಿ ಇದೆ. ನಮ್ಮಲ್ಲಿ? ಹುಡುಗ ಗೆದ್ದ ಮೇಲೆ ಹಾರ ಹಾಕೋಕೆ ನಾವು ಮೊದಲಿಗರು. ಅವನು ಕಲಿಯೋ ವಯಸ್ಸಲ್ಲಿ ಸಾವಿರಾರು ಮೈಲಿ ದೂರದ ಊರಿಗೆ ಹೋಗಿ ಬಾಡಿಗೆ ಮನೆ ಹಿಡೀಬೇಕು. ಮನೆಯಲ್ಲಿ ಶಕ್ತಿ ಇದ್ದವರು ಹೋಗ್ತಾರೆ. ಇಲ್ಲದವರ ಹೆಸರು ನಮಗೆ ಗೊತ್ತೇ ಆಗಲ್ಲ, ಯಾಕಂದ್ರೆ ಅವರು ರೇಸ್ ಸೋತವರಲ್ಲ, ರೇಸ್‌ಗೆ ಇಳಿಯದೇ ಇದ್ದವರು.

ಡ್ಯಾಮ್ಸ್ ಫಾರ್ಮುಲಾ 1ಕ್ಕೆ ಹೋಗಲಿಲ್ಲ. ಆದರೆ ಅದು ಕಳಿಸಿದವರು ಹೋದರು. ಮೂವತ್ತೇಳು ವರ್ಷ ಒಂದು ತಂಡ ಇನ್ನೊಬ್ಬರ ಮಕ್ಕಳನ್ನು ತಯಾರು ಮಾಡಿ, ಬಾಗಿಲವರೆಗೆ ಬಿಟ್ಟು, ಮರಳಿ ಬಂದು ಮುಂದಿನ ಹುಡುಗನಿಗೆ ಸೀಟು ಅಳತೆ ಮಾಡ್ತು. ಹೀರೊ ಹುಟ್ಟಲಿ ಅಂತ ನಾವು ಕಾಯ್ತೀವಿ. ಹೀರೊಗಳನ್ನು ಕಾಯುವುದು ಸುಲಭ. ಗರಡಿ ಕಟ್ಟೋದು ಕಷ್ಟ. ಕಟ್ಟೋದು ಯಾವಾಗ?