ಮಾತಿಗೆ ಮಾತೇ ಉತ್ತರವಾಗಲಿ

ಕರಾವಳಿಯ ನಮಗೆಲ್ಲ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಂದಲೇ ಅರ್ಥಧಾರಿಗಳು ವಾದಿಸುತ್ತಾರೆ. ವಾಲಿ ರಾಮನನ್ನು ಪ್ರಶ್ನಿಸುತ್ತಾನೆ, ಕೌರವ ಕೃಷ್ಣನನ್ನು ಹಂಗಿಸುತ್ತಾನೆ. ರಾಮನನ್ನೂ ಕೃಷ್ಣನನ್ನೂ ಪೂಜಿಸುವ ಜನರೇ ಎದುರು ಕುಳಿತು ಆ ವಾದಕ್ಕೆ ತಲೆದೂಗುತ್ತಾರೆ. ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಸಿಗುತ್ತದೆ ಎಂಬ ಭರವಸೆ ಅವರಿಗಿರುತ್ತದೆ.

ಇಂದು ಆ ಭರವಸೆ ನಮ್ಮ ಸಮಾಜದಲ್ಲಿ ಕಡಿಮೆಯಾಗುತ್ತಿದೆ. ಒಂದು ಭಾಷಣ, ಒಂದು ಲೇಖನ, ಒಂದು ಹಾಸ್ಯದ ತುಣುಕು ಸಾಕು. ದೂರು, ಬೆದರಿಕೆ, ನಿಷೇಧದ ಕೂಗು ಎದ್ದುಬಿಡುತ್ತದೆ. ವಾಕ್ ಸ್ವಾತಂತ್ರ್ಯ ಎಂದರೇನು, ಅದರ ಮಿತಿ ಎಲ್ಲಿ ಎಂಬುದನ್ನು ತಿಳಿಯಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮದೇ ರಾಜ್ಯದ ವಿಜಯಪುರ ಜಿಲ್ಲೆಯ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಮತ್ತು ಸಿಂದಗಿ ಈ ನಾಲ್ಕು ತಾಲ್ಲೂಕುಗಳ ಕಥೆಯನ್ನು ಕೇಳಿದರೆ ಸಾಕು.

ಹಾಡಿನಲ್ಲೇ ವಾದ

ಇಂಡಿ ಸೀಮೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಎಂಬ ಗೀಗೀ ಮೇಳಗಳ ಸ್ಪರ್ಧೆ ಪ್ರಸಿದ್ಧ. ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹರದೇಶಿ ಮೇಳದವರು ಹಾಡಿದರೆ, ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ನಾಗೇಶಿಯವರು ಹಾಡುತ್ತಾರೆ. ಡಪ್ಪು, ತುಂತುಣಿ, ತಾಳಗಳ ಜೊತೆಗೆ ರಾತ್ರಿಯಿಡೀ ಸವಾಲು–ಜವಾಬು ನಡೆಯುತ್ತದೆ. ಚುಚ್ಚುಮಾತು, ಲೇವಡಿ, ನಗೆ ಎಲ್ಲವೂ ಅದರಲ್ಲಿ ಉಂಟು. ಆದರೆ ನಿಯಮ ಒಂದೇ: ಒಬ್ಬರು ಹಾಡುವಾಗ ಇನ್ನೊಬ್ಬರು ಕೇಳಬೇಕು, ಹಾಡಿಗೆ ಹಾಡಿನಲ್ಲೇ ಉತ್ತರ ಕೊಡಬೇಕು.

ಮೊದಲು ಇಂಡಿ ತಾಲ್ಲೂಕಿಗೆ ಸೇರಿದ್ದ, ಚಡಚಣದ ಬಳಿಯ ಹಲಸಂಗಿ ಗ್ರಾಮವು ಲಾವಣಿಕಾರ ಖಾಜಾಭಾಯಿಯ ಊರು. ಇದೇ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದವರು ಕೂಡಿ 'ಹಲಸಂಗಿ ಗೆಳೆಯರು' ಎಂದು ಹೆಸರಾದರು. ಓದು ಬಾರದ ಹೆಣ್ಣುಮಕ್ಕಳ ಬಾಯಿಯಿಂದ ಕೇಳಿ ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಅತ್ತೆಮನೆಯ ಕಷ್ಟವನ್ನು ಎದುರು ನಿಂತು ಹೇಳಲಾರದವಳು ಬೀಸುಕಲ್ಲಿನ ಮುಂದೆ ಹೇಳಿಕೊಂಡಳು. ಮಾತನಾಡಲು ಒಂದು ಜಾಗ ಎಲ್ಲರಿಗೂ ಬೇಕು.

ಕಲ್ಯಾಣದ ಪ್ರಶ್ನೋತ್ತರ

ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. 12ನೆಯ ಶತಮಾನದಲ್ಲಿ ಅವರು ಕಲ್ಯಾಣದಲ್ಲಿ ಕಟ್ಟಿದ ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಹಡಪದ, ಸಮಗಾರ ಎಲ್ಲರೂ ಕುಳಿತು ಚರ್ಚಿಸುತ್ತಿದ್ದರು ಎಂಬುದು ಪರಂಪರೆಯ ನಂಬಿಕೆ. ಮುಂದೆ 15ನೆಯ ಶತಮಾನದಲ್ಲಿ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ 'ಶೂನ್ಯಸಂಪಾದನೆ'ಯನ್ನು ರಚಿಸಲಾಯಿತು. ಅದರಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಆಕೆ ಅಳುಕದೆ ಉತ್ತರಿಸುತ್ತಾಳೆ. ಪ್ರಶ್ನೆ ಕೇಳಿದ್ದರಿಂದ ಯಾರ ಗೌರವವೂ ಕಡಿಮೆಯಾಗಲಿಲ್ಲ.

ಈ ಚರ್ಚೆಗೆ ತೆರೆ ಬಿದ್ದದ್ದು ಮಾತಿನಿಂದಲ್ಲ, ಬಲಪ್ರಯೋಗದಿಂದ. ಜಾತಿಯ ಗೆರೆ ದಾಟಿದ ಒಂದು ಮದುವೆಯ ನಂತರ ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ಚದುರಿದರು. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯರಾದರೆಂದು ಜನ ನಂಬುವ ತಂಗಡಗಿ, ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾ ತೀರದಲ್ಲಿದೆ.

ಸಿಂದಗಿಯ ಸಂಶೋಧಕ

ಇದೇ ನೀಲಾಂಬಿಕೆಯ ವಚನಗಳನ್ನು ಓದಿ ಹೊಸ ಅರ್ಥ ಹೇಳಿದವರು ಡಾ. ಎಂ.ಎಂ. ಕಲಬುರ್ಗಿ. ಅವರು 1938ರಲ್ಲಿ ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದರು. ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಪ್ರಧಾನ ಸಂಪಾದಕರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದರು. 'ಮಾರ್ಗ 4' ಕೃತಿಗೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದರೆ 'ಮಾರ್ಗ'ದ ಮೊದಲ ಸಂಪುಟದಲ್ಲಿ ಬಸವಣ್ಣನವರ ಕುಟುಂಬದ ಬಗ್ಗೆ ಬರೆದ ಲೇಖನಗಳಿಗಾಗಿ 1989ರಲ್ಲಿ ಅವರು ತಮ್ಮದೇ ಸಮುದಾಯದ ಮುಖಂಡರ ಒತ್ತಡಕ್ಕೆ ಮಣಿಯಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದು ತನ್ನ ಬೌದ್ಧಿಕ ಆತ್ಮಹತ್ಯೆಯೇ ಆಗಿತ್ತು ಎಂಬ ಅರ್ಥದ ಮಾತನ್ನು ಅವರು ನಂತರ ಹೇಳಿದ್ದರು. 2014ರಲ್ಲಿ ಮೂರ್ತಿಪೂಜೆಯ ಬಗ್ಗೆ ಆಡಿದ ಮಾತು ಮತ್ತೆ ವಿವಾದವಾಯಿತು. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಮನೆಯಲ್ಲಿಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 76 ವರ್ಷ. 2019ರಲ್ಲಿ ವಿಶೇಷ ತನಿಖಾ ತಂಡವು ಆರು ಮಂದಿಯ ವಿರುದ್ಧ ಆರೋಪಪಟ್ಟಿ ಸಲ್ಲಿಸಿತು.

ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಅನೇಕ ವಿದ್ವಾಂಸರೂ ಒಪ್ಪಿರಲಿಲ್ಲ. ಆದರೆ ಗುಂಡು ಯಾವ ವಾದಕ್ಕೂ ಉತ್ತರವಲ್ಲ. ಅವರ ತರ್ಕ ತಪ್ಪಾಗಿದ್ದರೆ ಅದನ್ನು ತೋರಿಸಿಕೊಡುವ ಅವಕಾಶವೂ ಅಂದೇ ಹೋಯಿತು.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ನ್ಯಾಯಬದ್ಧ ಮಿತಿಗಳನ್ನು ಹೇಳುತ್ತದೆ. ಧಾರ್ಮಿಕ ಭಾವನೆಗಳಿಗೆ ಧಕ್ಕೆ ತರುವುದರ ವಿರುದ್ಧ 1927ರಲ್ಲಿ ಸೇರಿಸಿದ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿದೆ. ಯಾರಿಗೋ ನೋವಾಯಿತು ಎಂಬಷ್ಟೇ ಕಾರಣ ಅದಕ್ಕೆ ಸಾಲದು. ಉದ್ದೇಶಪೂರ್ವಕವಾದ ದುರುದ್ದೇಶ ಇರಬೇಕು ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಒಂದು ವಿಷಯವನ್ನು ಚರ್ಚಿಸುವುದು ಬೇರೆ, ಪ್ರತಿಪಾದಿಸುವುದು ಬೇರೆ, ಜನರನ್ನು ಹಿಂಸೆಗೆ ಪ್ರಚೋದಿಸುವುದು ಬೇರೆ ಎಂದು 2015ರ ತೀರ್ಪು ವಿವರಿಸಿತು. ಮಾತು ಪ್ರಚೋದನೆಯ ಹಂತ ಮುಟ್ಟಿದಾಗಲೇ ಕಾನೂನು ಕೈ ಹಾಕಬಹುದು.

ನಗೆಗೂ ಜಾಗವಿದೆ

2021ರ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಪರ್ಡ್ ಸಭಾಂಗಣದಲ್ಲಿ ಹಾಸ್ಯ ಕಲಾವಿದ ಮುನಾವರ್ ಫಾರೂಕಿಯವರ ಕಾರ್ಯಕ್ರಮ ನಡೆಯಬೇಕಿತ್ತು. ಶಾಂತಿಭಂಗವಾಗಬಹುದೆಂದು ಪೊಲೀಸರು ಸಂಘಟಕರಿಗೆ ಪತ್ರ ಬರೆದರು, ಕಾರ್ಯಕ್ರಮ ರದ್ದಾಯಿತು. ಪ್ರತಿಭಟನೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಅಡಗಿಸಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 2025ರ ಮಾರ್ಚ್‌ನಲ್ಲಿ ಕವಿತೆಯೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾವ್ಯ, ನಾಟಕ, ವಿಡಂಬನೆ, ವೇದಿಕೆಯ ಹಾಸ್ಯ ಇವೆಲ್ಲ ಬದುಕನ್ನು ಅರ್ಥಪೂರ್ಣಗೊಳಿಸುತ್ತವೆ ಎಂದಿತು.

ದಿವಂಗತ ಪೋಪ್ ಫ್ರಾನ್ಸಿಸರು 2024ರ ಜೂನ್ 14ರಂದು ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್‌ಗೆ ಕರೆಸಿ ಮಾತನಾಡಿದರು. ನಾವು ಪ್ರೀತಿಸುವವರೊಡನೆ ತಮಾಷೆ ಮಾಡಿ ನಗುವಂತೆ ದೇವರೊಡನೆಯೂ ನಗಬಹುದು, ಆದರೆ ಭಕ್ತರ, ಅದರಲ್ಲೂ ಬಡವರ ಭಾವನೆ ನೋಯಿಸಬಾರದು ಎಂಬುದು ಅವರ ಮಾತಿನ ಸಾರ.

ನಾವು ಏನು ಮಾಡಬಹುದು?

ಈ ವಿಷಯದಲ್ಲಿ ನಾವೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕಾಗಿದೆ. 2006ರಲ್ಲಿ 'ದ ಡಾ ವಿಂಚಿ ಕೋಡ್' ಚಲನಚಿತ್ರ ಬಂದಾಗ ಹಲವು ಕ್ರೈಸ್ತ ಸಂಘಟನೆಗಳು ನಿಷೇಧ ಬೇಡಿದವು. ಆಂಧ್ರಪ್ರದೇಶ, ತಮಿಳುನಾಡು ಸರ್ಕಾರಗಳು ನಿಷೇಧಿಸಿದವು. ಅಲ್ಲಿನ ಹೈಕೋರ್ಟ್‌ಗಳು ಅದನ್ನು ರದ್ದುಪಡಿಸಿದವು. ಇನ್ನೊಬ್ಬರ ಬಾಯಿ ಮುಚ್ಚಿಸಲು ನಾವು ಕೇಳುವ ಕಾನೂನು ನಾಳೆ ನಮ್ಮ ಪ್ರಬೋಧನೆಗೂ ಪ್ರಾರ್ಥನಾಕೂಟಕ್ಕೂ ಅಡ್ಡ ಬರಬಹುದು ಎಂಬುದನ್ನು ಮರೆಯಬಾರದು.

ಆದುದರಿಂದ ನಮ್ಮ ವಿಶ್ವಾಸವನ್ನು ಯಾರಾದರೂ ಗೇಲಿ ಮಾಡಿದರೆಂದು ಕೇಳಿದಾಗ, ಮೊದಲು ಮೊಬೈಲಿಗೆ ಬಂದ ಅರ್ಧ ನಿಮಿಷದ ತುಣುಕನ್ನಲ್ಲ, ಇಡೀ ಮಾತನ್ನು ಕೇಳೋಣ. ಅದು ನಂಬಿಕೆಯ ಟೀಕೆಯೋ, ಜನರ ಮೇಲೆ ಹಲ್ಲೆಗೆ ಕರೆಯೋ ಎಂದು ವಿವೇಚಿಸೋಣ. ಹಲ್ಲೆಗೆ ಕರೆಯಾದರೆ ದೂರು ಕೊಡೋಣ. ಟೀಕೆಯಾದರೆ ಪತ್ರ ಬರೆಯೋಣ, ಉಪನ್ಯಾಸ ಏರ್ಪಡಿಸೋಣ, ಟೀಕಿಸಿದವರನ್ನೇ ಕರೆದು ಕೂರಿಸಿ ಮಾತನಾಡೋಣ. ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ, ಯುವಜನರ ಸಭೆಯಲ್ಲಿ ಅಹಿತಕರ ಪ್ರಶ್ನೆ ಎತ್ತಿದವರನ್ನು ವಿರೋಧಿ ಎಂದು ಕರೆಯದಿರೋಣ. ಮನೆಯೊಳಗೆ ಪ್ರಶ್ನೆ ಸಹಿಸದವರು ಹೊರಗಿನವರ ಪ್ರಶ್ನೆಯನ್ನು ಸಹಿಸುವುದು ಕಷ್ಟ.

ಹರದೇಶಿ ಮೇಳ ಹಾಡಿ ಮುಗಿಸಿದ ಮೇಲೆ ಡಪ್ಪು ನಾಗೇಶಿಯ ಕೈಯಲ್ಲಿ ಮೊಳಗುತ್ತದೆ. ಕೇಳಲು ಕುಳಿತವರು ಎದ್ದು ಹೋಗುವುದಿಲ್ಲ. ಆ ಜನರ ತಾಳ್ಮೆ ನಮಗೂ ಬರಲಿ.